ರೇಷ್ಮೆಗೂಡಿನಿಂದ ಮಂಡಿ: ನಾನು ಎಡವಿದ್ದು ಎಲ್ಲಿ

ನಾನು ಲ್ಯಾಬಿನಲ್ಲಿ ಮಂಡಿಯ ಮೃದ್ವಸ್ಥಿ, ಅಂದರೆ ಕೀಲಿನಲ್ಲಿ ಮೂಳೆಯ ತುದಿಯನ್ನು ಹೊದ್ದಿರುವ ನುಣುಪು ಪದರ, ಬೆಳೆಸಲು ಹೊರಟವಳು. ರೇಷ್ಮೆಯಿಂದ ತೂತು ತೂತಾದ ಸ್ಪಂಜು ಮಾಡಿ, ಅದರೊಳಗೆ ಜೀವಕೋಶ ಸಾಕುವುದು ನನ್ನ ದಾರಿ. ಆದರೆ ಮೊದಲ ಆರು ತಿಂಗಳು ಮಾಡಿದ್ದು ಹೆಚ್ಚುಕಮ್ಮಿ ಅಡುಗೆ ಕೆಲಸ.

ಗೂಡು ತಂದದ್ದು ರಾಮನಗರದಿಂದ, ಗೂಡಿನಿಂದ ನೂಲು ಬಿಚ್ಚುವ ಪರಿಚಯದ ರೀಲರ್ ಒಬ್ಬರ ಹತ್ತಿರ. ಬಿಳಿ ದ್ವಿತಳಿ ಗೂಡು, ಒಂದು ಚೀಲದಷ್ಟು. "ಇಷ್ಟರಲ್ಲಿ ಏನ್ ಮೇಡಂ, ಕರ್ಚೀಫ್ ಮಾಡ್ತೀರಾ?" ಅಂತ ನಕ್ಕರು. "ಮಂಡಿ ಮಾಡ್ತೀನಿ ಅಣ್ಣ" ಅಂದೆ.

ಮಂಡಿಯನ್ನೇ ಯಾಕೆ ಹಿಡಿದೆ ಅಂದರೆ, ಮೃದ್ವಸ್ಥಿಯಲ್ಲಿ ರಕ್ತನಾಳ ಇಲ್ಲ. ಅದಕ್ಕೇ ಒಮ್ಮೆ ಸವೆದರೆ ತಾನಾಗಿ ಸರಿಹೋಗುವುದು ಕಷ್ಟ. ಬೆಳೆಸುವವರಿಗೆ ಮಾತ್ರ ಅದೇ ಅನುಕೂಲ. ಲಿವರ್, ಕಿಡ್ನಿ ಬೆಳೆಸಬೇಕೆಂದರೆ ಒಳಗೆಲ್ಲ ರಕ್ತನಾಳವನ್ನೂ ಹೆಣೆಯಬೇಕು, ಎಲ್ಲರೂ ಇವತ್ತಿಗೂ ಒದ್ದಾಡುತ್ತಿರುವುದು ಅಲ್ಲೇ. ನನಗೆ ಆ ತಲೆನೋವು ಇಲ್ಲ ಅಂದುಕೊಂಡಿದ್ದೆ.

ಗೂಡು ಕತ್ತರಿಸಿ, ಹುಳ ತೆಗೆದು, ಸೋಡಿಯಂ ಕಾರ್ಬೊನೇಟ್ ಹಾಕಿದ ನೀರಿನಲ್ಲಿ 30 ನಿಮಿಷ ಕುದಿಸಬೇಕು. ಸೆರಿಸಿನ್ ಅನ್ನುವ ಅಂಟು ಬಿಡುತ್ತದೆ, ಫೈಬ್ರಾಯಿನ್ ಎಳೆ ಉಳಿಯುತ್ತದೆ. ಒಣಗಿಸಿ ತೂಕ ಮಾಡಿ: ಸುಮಾರು ಕಾಲುಭಾಗ ಇಳಿದಿರಬೇಕು. ಇಳಿದಿಲ್ಲ ಅಂದರೆ ಅಂಟು ಉಳಿದಿದೆ. ಹಾಗಂತ ಜಾಸ್ತಿ ಹೊತ್ತು ಕುದಿಸಿದರೆ ಎಳೆಯ ಪ್ರೋಟೀನೇ ತುಂಡಾಗಿ ಸ್ಪಂಜು ಮೆತ್ತಗಾಗುತ್ತದೆ. ಆಮೇಲೆ ಲಿಥಿಯಂ ಬ್ರೋಮೈಡ್ ಅನ್ನುವ ಉಪ್ಪಿನ ಗಾಢ (9.3 ಮೋಲಾರ್) ದ್ರಾವಣದಲ್ಲಿ, 60 ಡಿಗ್ರಿಯಲ್ಲಿ 4 ಗಂಟೆ ಕರಗಿಸಿ, ಎರಡು ದಿನ ಡಯಾಲಿಸಿಸ್ ಮಾಡಿ, ಅಂದರೆ ತೆಳು ಪೊರೆಯ ಚೀಲಕ್ಕೆ ತುಂಬಿ ನೀರಲ್ಲಿಟ್ಟು, ಆ ಉಪ್ಪು ತೆಗೆದರೆ ರೇಷ್ಮೆ ದ್ರಾವಣ ರೆಡಿ. ಅದನ್ನು ಜೋರಾಗಿ ಕಲಕಬೇಡಿ! ನಾನು ಸುಮ್ನೆ ಒಂದು ಸಲ ಕಲಕಿ ಇಟ್ಟು ಮನೆಗೆ ಹೋದೆ, ಬೆಳಗ್ಗೆ ಬಂದು ನೋಡಿದರೆ ಇಡೀ ಬ್ಯಾಚು ಗಿಣ್ಣಿನ ಹಾಗೆ ಗಟ್ಟಿ.

ಸ್ಪಂಜಿಗೆ ತೂತು ಬರುವುದು ಅಡುಗೆ ಉಪ್ಪಿನಿಂದ. 500-600 ಮೈಕ್ರಾನ್ (ಸುಮಾರು ಅರ್ಧ ಮಿಲಿಮೀಟರ್) ಹರಳುಗಳನ್ನು ಜರಡಿ ಹಿಡಿದು ದ್ರಾವಣಕ್ಕೆ ಉದುರಿಸಿ ಬಿಟ್ಟರೆ, ಒಂದೆರಡು ದಿನದಲ್ಲಿ ಗಟ್ಟಿಯಾಗುತ್ತದೆ. ಮತ್ತೆ ಎರಡು ದಿನ ನೀರು ಬದಲಾಯಿಸುತ್ತ ನೆನೆಸಿದರೆ ಉಪ್ಪು ಕರಗಿ ಹೋಗಿ, ಒಣಗಿದ ಹೀರೆಕಾಯಿ ನಾರಿನಂಥ ಸ್ಪಂಜು ಉಳಿಯುತ್ತದೆ. ಮೈಕ್ರೋಸ್ಕೋಪಿನಲ್ಲಿ ಎಷ್ಟು ಚೆನ್ನಾಗಿ ಕಂಡಿತು ಅಂದರೆ, ಫೋಟೋ ತೆಗೆದು ಗೋಡೆಗೇ ಅಂಟಿಸಿದೆ.

ಜೀವಕೋಶಗಳು ಮೇಕೆ ಮಂಡಿಯವು. ಮಟನ್ ಅಂಗಡಿಯಿಂದ ಕೀಲನ್ನು ಐಸಿನಲ್ಲಿಟ್ಟು ತಂದು, ಮೃದ್ವಸ್ಥಿ ಹೆರೆದು, ಕೊಲಾಜಿನೇಸ್ ಕಿಣ್ವದಲ್ಲಿ ರಾತ್ರಿಯಿಡೀ ಬಿಟ್ಟು ಬಿಡಿಸಿದ್ದು. ಅವನ್ನು ಸ್ಪಂಜಿನ ಮೇಲೆ ಹನಿ ಹನಿಯಾಗಿ ಹಾಕಿ, 37 ಡಿಗ್ರಿಯಲ್ಲಿ ಮೂರು ವಾರ ಸಾಕಿದೆ. ಕೊನೆಗೆ ಅಡ್ಡಕ್ಕೆ ಕೊಯ್ದು ಬಣ್ಣ ಹಾಕಿದೆ. ಬದುಕಿರುವುದು ಹಸಿರು, ಸತ್ತದ್ದು ಕೆಂಪು. ಸುತ್ತ ತೆಳ್ಳಗೆ ಹಸಿರು, ನಡುವೆ ಕೆಂಪು, ಥೇಟ್ ಕಲ್ಲಂಗಡಿ ಹೋಳು.

ಒಂದು ವಾರ ಯಾರ ಜೊತೆಗೂ ಮಾತಾಡಲಿಲ್ಲ.

ರಕ್ತನಾಳ ಬೇಡ ಅಂದಮಾತ್ರಕ್ಕೆ ಊಟ ಬೇಡ ಅಂತ ಅಲ್ವಲ್ಲ. ಜೀವಕೋಶ ತುಂಬಿದ ಕಡೆ ಆಕ್ಸಿಜನ್ ತಾನಾಗಿ ಇಳಿಯುವುದು ಕೆಲವು ನೂರು ಮೈಕ್ರಾನ್ ಮಾತ್ರ. ನನ್ನ ಸ್ಪಂಜಿನಲ್ಲಿ ಇನ್ನೂ ಎರಡು ತಪ್ಪಿದ್ದವು. ಮೇಲೆ ಒಂದು ಮುಚ್ಚಿದ ಪೊರೆ ಕಟ್ಟಿತ್ತು, ನಾನು ಫೋಟೋ ತೆಗೆದದ್ದು ಅದರ ಕೆಳಗಿನ ಚಂದದ ಜಾಗವನ್ನು. ಎಲ್ಲರ ಮನೆ ದೋಸೆಯೂ ತೂತು ನಿಜ, ಆದರೆ ನನಗೆ ಬೇಕಾದದ್ದು ಒಂದಕ್ಕೊಂದು ಸೇರಿದ ತೂತು. ಇನ್ನೊಂದು, ಒಳಗೆ ಸಿಕ್ಕಿಕೊಂಡ ಗಾಳಿ. ಒಣ ಸ್ಪಂಜನ್ನು ದ್ರವಕ್ಕೆ ಹಾಕಿದರೆ ತೇಲುತ್ತಿತ್ತು. ಅದನ್ನು ಕಣ್ಣಾರೆ ನೋಡಿಯೂ ನಾನು ಯೋಚಿಸಿರಲಿಲ್ಲ.

ಈಗ ಹೀಗೆ ಮಾಡುತ್ತೇನೆ. ಪೊರೆ ಕೊಯ್ದು ಬಿಸಾಡಿ, 2 ಮಿಲಿಮೀಟರ್ ದಪ್ಪದ ಬಿಲ್ಲೆ ಮಾಡುತ್ತೇನೆ. ಬಿಲ್ಲೆಯನ್ನು ಮೀಡಿಯಂ (ಜೀವಕೋಶಗಳಿಗೆ ಊಟವಾಗುವ ದ್ರವ) ತುಂಬಿದ ಸಿರಿಂಜಿಗೆ ಹಾಕಿ, ತುದಿಯನ್ನು ಬೆರಳಿನಿಂದ ಒತ್ತಿಹಿಡಿದು, ಹಿಡಿಯನ್ನು ಹಿಂದಕ್ಕೆ ಎಳೆಯುತ್ತೇನೆ. ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಹೊರಬರುತ್ತವೆ. ಬಿಟ್ಟಾಗ ದ್ರವ ಒಳಗೆ ನುಗ್ಗುತ್ತದೆ. ಎರಡು ಮೂರು ಸಲ ಎಳೆದರೆ ಬಿಲ್ಲೆ ಮೆಲ್ಲಗೆ ತಳಕ್ಕೆ ಕೂರುತ್ತದೆ. ಕೂತರೆ ಮಾತ್ರ ಜೀವಕೋಶ ಹಾಕುವುದು. ಆಮೇಲೆ ಪ್ಲೇಟನ್ನು ಸುಮ್ಮನೆ ಇಡುವುದಿಲ್ಲ, ನಿಧಾನವಾಗಿ ಅಲುಗುವ ಶೇಕರ್ ಮೇಲೆ ಇಡುತ್ತೇನೆ.

ಹೋದ ಬ್ಯಾಚನ್ನು ಕೊಯ್ದಾಗ ನಡುವೆಯೂ ಹಸಿರು ಇತ್ತು. ಒಂದೆರಡು ಕೆಂಪು ಚುಕ್ಕೆ, ಅಷ್ಟೇ. ಹೊಸ ಗೂಡು ತರಲು ಹೋದಾಗ ರೀಲರ್ ಅಣ್ಣ ಕೇಳಿದರು, "ಮಂಡಿ ರೆಡಿ ಆಯ್ತಾ ಮೇಡಂ?"

"2 ಮಿಲಿಮೀಟರ್ ಆಗಿದೆ ಅಣ್ಣ."