ವಸಾಹತು ಸಭೆಯ ನಡಾವಳಿಯನ್ನು ಓದುವ ಬಗೆ

ಅಮೆರಿಕದ ಇಂಗ್ಲಿಷ್ ವಸಾಹತುಗಳಲ್ಲಿ ಸ್ವಯಮಾಡಳಿತ ಹೇಗೆ ಬೇರೂರಿತೆಂದು ತಿಳಿಯಬಯಸುವವರು 1619ರ ಜುಲೈ 30ರಂದು ವರ್ಜೀನಿಯಾದ ಜೇಮ್ಸ್‌ಟೌನ್ ಚರ್ಚಿನಲ್ಲಿ ಸೇರಿದ ಸಭೆಯ ನಡಾವಳಿಯಿಂದ ಆರಂಭಿಸಬೇಕು. ಅದನ್ನು ಬರೆದಿಟ್ಟವನು ಆ ಸಭೆಯ ಸ್ಪೀಕರ್ ಜಾನ್ ಪೋರಿ.

ಮೊದಲು ಹಾಜರಾದವರನ್ನು ಪಟ್ಟಿ ಮಾಡಿಕೊಳ್ಳಿ. ಗವರ್ನರ್ ಜಾರ್ಜ್ ಯಾರ್ಡ್ಲಿ, ಅವನ ಸಲಹಾ ಮಂಡಳಿ, ಹನ್ನೊಂದು ನೆಲೆಗಳಿಂದ ತಲಾ ಇಬ್ಬರಂತೆ ಬಂದ 22 ಚುನಾಯಿತ ಬರ್ಜೆಸ್‌ಗಳು (ಎಂದರೆ ನೆಲೆಗಳ ಪ್ರತಿನಿಧಿಗಳು), ಇವರೆಲ್ಲ ಸೇರಿದ್ದು ಒಂದೇ ಸದನದಲ್ಲಿ. ಬರ್ಜೆಸ್‌ಗಳಿಗೆ ಪ್ರತ್ಯೇಕ ಸದನವಾದದ್ದು 1643ರಲ್ಲಿ.

ಆಮೇಲೆ ಯಾರನ್ನು ಹೊರಗೆ ಕಳಿಸಿದರೆಂದು ನೋಡಿ. ನನ್ನ ಮಟ್ಟಿಗೆ ಇಡೀ ನಡಾವಳಿಯ ಜೀವ ಇರುವುದು ಇಲ್ಲಿಯೇ. ಕ್ಯಾಪ್ಟನ್ ಜಾನ್ ಮಾರ್ಟಿನ್‌ಗೆ ದೊರೆತಿದ್ದ ಸನ್ನದು ಅವನ ತೋಟವನ್ನು ವಸಾಹತಿನ ಆಜ್ಞೆಗಳಿಂದ ಹೊರಗಿಟ್ಟಿತ್ತು. ತಾವು ಮಾಡುವ ಕಾನೂನಿಗೆ ಒಳಪಡದವನ ಪ್ರತಿನಿಧಿಗಳು ಕಾನೂನು ಮಾಡಲು ಕೂರುವುದು ಸಲ್ಲದೆಂದು ಸಭೆ ಆಕ್ಷೇಪಿಸಿತು. ಆ ವಿನಾಯಿತಿಯನ್ನು ಬಿಟ್ಟುಕೊಡಲು ಮಾರ್ಟಿನ್ ಒಪ್ಪದಿದ್ದಾಗ ಆ 22ರಲ್ಲಿದ್ದ ಅವನ ಇಬ್ಬರು ಬರ್ಜೆಸ್‌ಗಳಿಗೆ ಸ್ಥಾನ ಸಿಗಲಿಲ್ಲ.

ಮೂರನೆಯದಾಗಿ ಹಣದ ಸಾಲುಗಳಿಗೆ ಅಡಿಗೆರೆ ಎಳೆಯಿರಿ, ಇಲ್ಲಿ ಹಣವೆಂದರೆ ಹೆಚ್ಚಾಗಿ ಹೊಗೆಸೊಪ್ಪು. ಉತ್ತಮ ಸೊಪ್ಪಿಗೆ ಪೌಂಡ್ ತೂಕಕ್ಕೆ 3 ಷಿಲ್ಲಿಂಗ್, ಎರಡನೆಯ ದರ್ಜೆಗೆ 18 ಪೆನ್ಸ್ ಎಂದು ಬೆಲೆ ಕಟ್ಟಿದ ಸಭೆ, ಸ್ಪೀಕರ್ ಮತ್ತು ಸಿಬ್ಬಂದಿಯ ಸಂಭಾವನೆಗಾಗಿ 16 ವರ್ಷ ಮೀರಿದ ಪ್ರತಿ ಗಂಡಸೂ ಒಂದು ಪೌಂಡ್ ಸೊಪ್ಪು ಕೊಡಬೇಕೆಂದು ವಿಧಿಸಿತು.

ಕೊನೆಯ ಮಾತು ಯಾರದೆಂಬುದನ್ನೂ ಹುಡುಕಿ. ಇಲ್ಲಿ ಮಾಡಿದ ಕಾನೂನನ್ನು ವಸಾಹತನ್ನು ನಡೆಸುತ್ತಿದ್ದ ಲಂಡನ್ನಿನ ವರ್ಜೀನಿಯಾ ಕಂಪನಿ ತಳ್ಳಿಹಾಕಬಹುದಿತ್ತು; ಕಂಪನಿಯ ಆಜ್ಞೆಗಳನ್ನು ಒಪ್ಪುವ ಅಥವಾ ನಿರಾಕರಿಸುವ ಅಧಿಕಾರ ತಮಗೂ ಬೇಕೆಂದು ಸಭೆ ಬಿನ್ನವಿಸಿಕೊಂಡಿತು. ಬಿಸಿಲಿನ ಬೇಗೆಗೆ ಹಲವರು ಕಾಯಿಲೆ ಬಿದ್ದು, ವಾಲ್ಟರ್ ಶೆಲ್ಲಿ ಎಂಬ ಬರ್ಜೆಸ್ ತೀರಿಕೊಂಡು, ಆಗಸ್ಟ್ 4ಕ್ಕೇ ಸಭೆಯನ್ನು ಮುಂದೂಡಬೇಕಾದ ಸನ್ನಿವೇಶದಲ್ಲಿ ಬರೆದ ಬಿನ್ನಹವದು ಎಂಬುದನ್ನು ಮರೆಯದೆ ಓದಿ.

ಇತರ ವಸಾಹತುಗಳ ದಾಖಲೆಗೆ ಹೋದಾಗ ಇಸವಿಯ ಬಗ್ಗೆ ಎಚ್ಚರವಿರಲಿ. ಆಗಿನ ಇಂಗ್ಲಿಷ್ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿದ್ದುದರಿಂದ, 1639ರ ಜನವರಿಯಲ್ಲಿ ಅಂಗೀಕಾರವಾದ ಕನೆಕ್ಟಿಕಟ್‌ನ ಮೂಲ ಶಾಸನದ ಮೇಲೆ 1638 ಎಂದಿರುತ್ತದೆ. ವರ್ಜೀನಿಯಾದಲ್ಲೇ ಮುಂದುವರಿಯುವುದಾದರೆ 1624ರ ಅಧಿವೇಶನವನ್ನು ತೆರೆಯಿರಿ: ಸಭೆಯ ಅಧಿಕಾರವಿಲ್ಲದೆ ಗವರ್ನರ್ ತೆರಿಗೆ ಹಾಕಕೂಡದೆಂಬ ಶಾಸನ ಅಲ್ಲಿದೆ.