ನುಡಿ ಫಾಂಟಿನಿಂದ ಯುನಿಕೋಡ್‌ಗೆ: ಒಂದು ಪತ್ರಿಕೆಯ ಹಳೆಯ ಸಂಚಿಕೆಗಳ ಕೆಲಸ

ಕಂಪನಿಯ ನೌಕರಿ ಬಿಟ್ಟು ಸ್ವತಂತ್ರವಾಗಿ ವೆಬ್ ಕೆಲಸಕ್ಕೆ ಇಳಿದ ಮೇಲೆ ನನ್ನ ಪಾಲಿಗೆ ಹೆಚ್ಚಾಗಿ ಬಂದದ್ದು ಹಳೆಯ ಜಾಲತಾಣಗಳೇ. ಹೊಸದಾಗಿ ಕಟ್ಟಿಸುವವರು ದೊಡ್ಡ ತಂಡಗಳ ಕಡೆಗೆ ಹೋಗುತ್ತಾರೆ. ಎಷ್ಟೋ ವರ್ಷದ ಹಿಂದೆ ಯಾರೋ ಕಟ್ಟಿಕೊಟ್ಟ ತಾಣವನ್ನು ಇಟ್ಟುಕೊಂಡು, ಅದರ ಪಾಸ್‌ವರ್ಡ್ ಯಾರ ಬಳಿ ಇದೆ ಎಂಬುದೂ ತಿಳಿಯದೆ ಕುಳಿತವರು ನನ್ನಂಥ ಒಬ್ಬರೇ ದುಡಿಯುವವರನ್ನು ಹುಡುಕಿಕೊಂಡು ಬರುತ್ತಾರೆ. ಮೊದಮೊದಲು ಇದು ನನಗೆ ಬೇಸರದ ಸಂಗತಿಯಾಗಿತ್ತು. ಈಗ ಅಂಥ ಕೆಲಸವನ್ನೇ ಬಯಸಿ ತೆಗೆದುಕೊಳ್ಳುತ್ತೇನೆ. ನನ್ನ ಮನಸ್ಸನ್ನು ಬದಲಾಯಿಸಿದ್ದು ಒಂದು ಸಾಹಿತ್ಯ ಪತ್ರಿಕೆಯ ಕೆಲಸ.

ಅದರ ಸಂಪಾದಕರು ಹಿರಿಯರು. ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: “ನಮ್ಮ ಹಳೆಯ ಸಂಚಿಕೆಗಳು ಯಾವುವೂ ಓದಲು ಬರುತ್ತಿಲ್ಲ. ಎಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತಿವೆ. ನೀವೊಮ್ಮೆ ನೋಡಬಹುದೇ?” ತೆರೆದು ನೋಡಿದೆ. ಹತ್ತು ವರ್ಷಗಳ ಕಥೆ, ಕವಿತೆ, ವಿಮರ್ಶೆಗಳೆಲ್ಲ ಅಲ್ಲೇ ಇದ್ದವು. ಏನೂ ಅಳಿಸಿಹೋಗಿರಲಿಲ್ಲ, ಆದರೆ ಒಂದು ಸಾಲನ್ನೂ ಯಾರೂ ಓದುವಂತಿರಲಿಲ್ಲ.

ಕಾರಣ ಈ ಕೆಲಸದಲ್ಲಿ ಇರುವವರಿಗೆ ಹೊಸದಲ್ಲ. ಆ ಪುಟಗಳನ್ನು ನುಡಿ ಫಾಂಟಿನಲ್ಲಿ, ಅಂದರೆ ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ತೋರಿಸುವ ಹಳೆಯ ಬಗೆಯ ಫಾಂಟಿನಲ್ಲಿ, ಬೆರಳಚ್ಚು ಮಾಡಿದ್ದರು. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಕೇತ ಕೊಡುವ ಏರ್ಪಾಡು ಯುನಿಕೋಡ್. 1991ರಲ್ಲೇ ಯುನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯ ಜೊತೆ ತುಂಗಾ ಎಂಬ ಯುನಿಕೋಡ್ ಫಾಂಟೂ ಬಂದಿತ್ತು. ಆದರೆ ಮುದ್ರಣಕ್ಕೆ ಪುಟ ಕಟ್ಟುವ ಪೇಜ್‌ಮೇಕರ್‌ನಂಥ ತಂತ್ರಾಂಶಗಳಿಗೆ ಯುನಿಕೋಡ್ ಕನ್ನಡ ಅರ್ಥವಾಗುತ್ತಿರಲಿಲ್ಲ. ಹಾಗಾಗಿ ಪತ್ರಿಕೆಗಳು, ಕಚೇರಿಗಳು, ಪ್ರಕಾಶಕರು ಎಲ್ಲರೂ ನುಡಿ, ಬರಹ, ಶ್ರೀಲಿಪಿಗಳಲ್ಲೇ ಬಹುಕಾಲ ಉಳಿದರು. ಅಚ್ಚಿಗೆ ಕಳಿಸಿದ ಕಡತವನ್ನೇ ಜಾಲತಾಣಕ್ಕೂ ಏರಿಸಿದರು. ಓದುಗರ ಗಣಕದಲ್ಲಿ ಅದೇ ಫಾಂಟ್ ಇದ್ದರೆ ಕನ್ನಡ ಕಾಣುತ್ತಿತ್ತು. ಇಲ್ಲದವರಿಗಾಗಿ ಫಾಂಟನ್ನು ಪುಟದ ಜೊತೆಗೇ ಕಳಿಸುವ ಏರ್ಪಾಡಿತ್ತು, ಅದು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ನಡೆಯುತ್ತಿತ್ತು. ಜನ ಬೇರೆ ಬ್ರೌಸರ್‌ಗಳಿಗೆ ಹೋದರು, ಮೊಬೈಲ್ ಬಂತು. ಅಲ್ಲಿಗೆ ಆ ಸಂಚಿಕೆಗಳ ಬಾಗಿಲು ಮುಚ್ಚಿತು.

ಕನ್ನಡ ಎಂಬ ಒಂದೇ ಪದವನ್ನು ಹತ್ತಿರದಿಂದ ನೋಡಿ. ನುಡಿ ಫಾಂಟಿನ ಕಡತದಲ್ಲಿ ಅದು ಏಳು ಚಿಹ್ನೆಗಳಾಗಿ ಕುಳಿತಿರುತ್ತದೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೊಂದು ಓರೆ ಗೀಟಿರುವ ಎ, ಪೌಂಡ್ ಹಣದ ಗುರುತು, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಜೋಡಿ ಎಸ್, ಚಿಕ್ಕ ಕ್ಯೂ, ಕೊನೆಗೆ ಇನ್ನೊಮ್ಮೆ ಗೀಟಿನ ಎ. ಪಿ ಇರಬೇಕಾದ ಜಾಗದಲ್ಲಿ ಫಾಂಟು ತಲೆಕಟ್ಟಿಲ್ಲದ ಕಕಾರವನ್ನು ಬರೆಯುತ್ತದೆ, ಗೀಟಿನ ಎ ಎಂದರೆ ತಲೆಕಟ್ಟು, ಜೋಡಿ ಎಸ್ ಎಂದರೆ ನ ಒತ್ತು. ಗಣಕಕ್ಕೆ ಅಲ್ಲಿ ಕನ್ನಡವಿದೆ ಎಂಬುದೇ ಗೊತ್ತಿಲ್ಲ. ಯುನಿಕೋಡ್‌ನಲ್ಲಿ ಅದೇ ಪದ ಐದು ಸಂಕೇತಗಳು: ಕ, ನ, ವಿರಾಮ (ಅಕ್ಷರದ ಅಕಾರವನ್ನು ತೆಗೆಯುವ ಗುರುತು), ನ, ಡ. ಒಂದು ಕಡೆ ಅಕ್ಷರದ ಚಿತ್ರದ ತುಂಡುಗಳು, ಇನ್ನೊಂದು ಕಡೆ ಅಕ್ಷರವೇ. ಮೊದಲನೆಯದನ್ನು ಎರಡನೆಯದಾಗಿಸುವುದು ನನ್ನ ಕೆಲಸ.

ಒಪ್ಪಿಕೊಳ್ಳುವ ಮೊದಲು ಒಂದು ಮಾತು ಕೇಳಿಕೊಂಡೆ. ಇಡೀ ಕೆಲಸಕ್ಕೆ ಈಗಲೇ ಮೊತ್ತ ಹೇಳುವುದಿಲ್ಲ, ಬೇರೆ ಬೇರೆ ವರ್ಷಗಳ 50 ಪುಟಗಳನ್ನು ಮೊದಲು ಪರಿವರ್ತಿಸಿ ಕೊಡುತ್ತೇನೆ, ಅದಕ್ಕೆ ಪ್ರತ್ಯೇಕವಾಗಿ ಸಂಭಾವನೆ ಕೊಡಿ, ಅದು ಮುಗಿದ ಮೇಲೆ ಉಳಿದದ್ದರ ಲೆಕ್ಕ ಹೇಳುತ್ತೇನೆ ಎಂದೆ. ಸ್ವತಂತ್ರವಾಗಿ ದುಡಿಯುವವರು ಹಳೆಯ ತಾಣಕ್ಕೆ ಕೈ ಹಾಕುವಾಗ ಹೀಗೆಯೇ ಮಾಡಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಒಳಗೇನಿದೆಯೆಂದು ನೋಡದೆ ಹೇಳಿದ ಮೊತ್ತ ಇಬ್ಬರಲ್ಲಿ ಒಬ್ಬರಿಗೆ ಮೋಸ ಮಾಡಿಯೇ ತೀರುತ್ತದೆ. ಸಂಪಾದಕರು ಒಪ್ಪಿದರು.

ಮೊದಲ ತೊಡಕು ಅಕ್ಷರಗಳದ್ದಾಗಿರಲಿಲ್ಲ. ಡೊಮೇನ್ ಹೆಸರು, ಅಂದರೆ ತಾಣದ ಅಂತರಜಾಲ ವಿಳಾಸ, ಅದನ್ನು ಕಟ್ಟಿದವರ ಹೆಸರಿನಲ್ಲೇ ನೋಂದಣಿಯಾಗಿತ್ತು, ಅವರು ಆ ಕೆಲಸ ಬಿಟ್ಟು ವರ್ಷಗಳಾಗಿದ್ದವು. ಅವರನ್ನು ಹುಡುಕಿ ಮಾತನಾಡಿಸಿ, ಪತ್ರಿಕೆಯ ಹೆಸರಿಗೆ ವರ್ಗಾಯಿಸಿಕೊಳ್ಳಲು ಮೂರು ವಾರ ಹಿಡಿಯಿತು. ಒಳ್ಳೆಯವರಾಗಿದ್ದರು, ಸಹಕರಿಸಿದರು. ಅವರು ಸಿಗದೇ ಹೋಗಿದ್ದರೆ ಪತ್ರಿಕೆ ತನ್ನ ಹೆಸರನ್ನೇ ಕಳೆದುಕೊಳ್ಳುತ್ತಿತ್ತು. ಅಂದಿನಿಂದ ನಾನು ಯಾರ ಡೊಮೇನನ್ನೂ ನನ್ನ ಖಾತೆಯಲ್ಲಿ ಇಟ್ಟುಕೊಂಡಿಲ್ಲ. ನೋಂದಣಿ, ಸರ್ವರ್, ಬ್ಯಾಕಪ್ ಎಲ್ಲವೂ ಗ್ರಾಹಕರ ಹೆಸರಿನಲ್ಲಿ. ಒಳಗೆ ಹೋಗಿ ಬರುವ ಅನುಮತಿ ಮಾತ್ರ ನನಗೆ.

ಆಮೇಲೆ ಡೇಟಾಬೇಸ್, ಅಂದರೆ ಲೇಖನಗಳನ್ನೆಲ್ಲ ಕೂಡಿಟ್ಟ ಜಾಗ. ಹಳೆಯ ಮೈಎಸ್‌ಕ್ಯೂಎಲ್, ಕೋಷ್ಟಕಗಳೆಲ್ಲ ಯುರೋಪಿನ ಭಾಷೆಗಳಿಗಾಗಿ ಮಾಡಿದ ಲ್ಯಾಟಿನ್-1 ಎಂಬ ಹಳೆಯ ಸಂಕೇತಕ್ರಮದಲ್ಲಿ. ನಡುವೆ ಯಾವಾಗಲೋ ಸರ್ವರ್ ಬದಲಿಸಿದಾಗ ಒಂದಷ್ಟು ವರ್ಷಗಳ ಲೇಖನಗಳು ಯುನಿಕೋಡನ್ನು ಕಡತದಲ್ಲಿ ಉಳಿಸುವ ಯುಟಿಎಫ್-8 ಎಂಬ ಕ್ರಮಕ್ಕೆ ಎರಡು ಸಲ ಬದಲಾಗಿ ಕೂತಿದ್ದವು. ಅಂದರೆ ಗೀಟಿನ ಎ ಕೂಡ ಗೀಟಿನ ಎ ಆಗಿ ಉಳಿಯದೆ ಎರಡು ಬೇರೆ ಚಿಹ್ನೆಗಳಾಗಿ ಒಡೆದಿತ್ತು. ಮೊದಲು ಆ ಗಂಟನ್ನು ಬಿಚ್ಚದೆ ನುಡಿಯ ಪರಿವರ್ತನೆಗೆ ಕೈ ಹಾಕುವಂತಿಲ್ಲ. ಬ್ಯಾಕಪ್ ತೆಗೆದು, ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು ಪ್ರತಿ ಕೋಷ್ಟಕದ ಸಾಲುಗಳನ್ನು ಎಣಿಸಿ ಹೊಂದಿಸಿ ನೋಡಿದ ಮೇಲೆಯೇ ಮುಂದುವರಿದೆ. ಮತ್ತೆ ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಕರೆಯುವುದಿಲ್ಲ.

ನುಡಿಯಿಂದ ಯುನಿಕೋಡ್‌ಗೆ ತರುವ ಪರಿವರ್ತಕಗಳು ಮುಕ್ತ ತಂತ್ರಾಂಶವಾಗಿಯೇ ಸಿಗುತ್ತವೆ. ಅಂಥದ್ದೊಂದನ್ನು ಆಧಾರವಾಗಿಟ್ಟುಕೊಂಡು ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ನನ್ನದನ್ನು ಬರೆದುಕೊಂಡೆ. ಮೇಲುನೋಟಕ್ಕೆ ಇದು ಒಂದು ಪಟ್ಟಿ: ಈ ಚಿಹ್ನೆ ಬಂದರೆ ಈ ಅಕ್ಷರ. ಹಾಗೆಂದುಕೊಂಡು ಶುರು ಮಾಡಿದವರು ಯಕಾರದ ಬಳಿ ನಿಲ್ಲುತ್ತಾರೆ. ನುಡಿಯಲ್ಲಿ ಇಂಗ್ಲಿಷಿನ ದೊಡ್ಡ ಎ ಎಂದರೆ ಸೊನ್ನೆ, ನಮ್ಮ ಅನುಸ್ವಾರ. ಯ ಬರೆಯುವಾಗಲೂ ಮೊದಲು ಬರುವ ಸುತ್ತಿಗೆ ಅದೇ ದೊಡ್ಡ ಎ. ಸಂಯಮ ಎಂಬ ಪದದಲ್ಲಿ ಎರಡು ದೊಡ್ಡ ಎ ಅಕ್ಕಪಕ್ಕ ನಿಲ್ಲುತ್ತವೆ, ಒಂದು ಸೊನ್ನೆ, ಇನ್ನೊಂದು ಯಕಾರದ ಮೊದಲ ತುಂಡು. ಮಕಾರವೂ ಹೀಗೆಯೇ: ವಕಾರಕ್ಕೆ ಕೊಂಬು ಹಚ್ಚಿದರೆ ಮ, ಅದೇ ಕೊಂಬನ್ನು ಕಕಾರಕ್ಕೆ ಹಚ್ಚಿದರೆ ಕು. ಆದ್ದರಿಂದ ಉದ್ದನೆಯ ತುಂಡುಗಳನ್ನು ಮೊದಲು ಗುರುತಿಸಬೇಕು, ಒಂಟಿ ಚಿಹ್ನೆಗಳಿಗೆ ಕೊನೆಯ ಸರದಿ.

ಒತ್ತಕ್ಷರದಲ್ಲಿ ಇನ್ನೊಂದು ಬಗೆ. ಹಕ್ಕಿ ಎನ್ನುವಾಗ ನುಡಿಯಲ್ಲಿ ಮೊದಲು ಕಿ, ಆಮೇಲೆ ಕ ಒತ್ತು. ನಾವು ಕೈಯಲ್ಲಿ ಬರೆಯುವುದೂ ಹಾಗೆಯೇ. ಯುನಿಕೋಡ್ ಉಚ್ಚಾರಣೆಯ ಕ್ರಮವನ್ನು ಹಿಡಿಯುತ್ತದೆ: ಕ, ವಿರಾಮ, ಕ, ಗುಡಿಸು. ಅಲ್ಲಿ ಒತ್ತು ಗುಡಿಸಿಗಿಂತ ಮುಂಚೆ ಬರಬೇಕು.

ನಾನು ಎಡವಿದ್ದು ಅರ್ಕಾವತ್ತಿನಲ್ಲಿ. ಅದು ಕಣ್ಣಿಗೆ ಅಕ್ಷರದ ನಂತರ ಕಾಣುತ್ತದೆ, ನುಡಿ ಅದನ್ನು ಹಾಗೆಯೇ ನಂತರ ಇಡುತ್ತದೆ; ಉಚ್ಚಾರಣೆಯಲ್ಲಿ ಮಾತ್ರ ರಕಾರ ಮೊದಲು. ಅರ್ಕಾವತ್ತು ಸಿಕ್ಕಾಗ ಒಂದು ಹೆಜ್ಜೆ ಹಿಂದೆ ಹೋಗಿ ರಕಾರ ಮತ್ತು ವಿರಾಮವನ್ನು ಸೇರಿಸುವಂತೆ ಬರೆದಿದ್ದೆ. ಆದರೆ ನಾ ಎಂಬ ಅಕ್ಷರದಲ್ಲಿ ಒಂದು ಹೆಜ್ಜೆ ಹಿಂದೆ ಹೋದರೆ ಸಿಗುವುದು ನ ಅಲ್ಲ, ಅದರ ದೀರ್ಘ. ಹಾಗಾಗಿ 50 ಪುಟಗಳ ಮೊದಲ ಸುತ್ತಿನಲ್ಲಿ ಕರ್ನಾಟಕ ಎಂಬುದು ಎಲ್ಲೆಡೆ “ಕನರ್ಾಟಕ” ಆಗಿತ್ತು. ಈ ರೂಪವನ್ನು ಅಂತರಜಾಲದಲ್ಲಿ ಕಾಣದ ಕನ್ನಡಿಗರಿಲ್ಲ. ಇದೇ ತಪ್ಪಿನ ಫಲ ಅದು. ಸಂಪಾದಕರು ಕೋಪಿಸಿಕೊಳ್ಳಲಿಲ್ಲ. “ನಾಡಿನ ಹೆಸರೇ ಮುರಿದಿದೆಯಲ್ಲ, ಇದನ್ನು ಮೊದಲು ಸರಿಮಾಡಿ” ಎಂದರು. ಇಡೀ ಅಕ್ಷರವನ್ನು, ಅಂದರೆ ವ್ಯಂಜನ, ಅದರ ಒತ್ತುಗಳು, ಸ್ವರಚಿಹ್ನೆ ಎಲ್ಲವನ್ನೂ ಒಂದೇ ಗುಂಪಾಗಿ ಹಿಡಿದು, ಆ ಗುಂಪಿನ ಮುಂದಕ್ಕೆ ರಕಾರವನ್ನು ತರುವಂತೆ ತಿದ್ದಿ ಬರೆದೆ. ಅಂದಿನಿಂದ ಕರ್ನಾಟಕ, ಕಾರ್ಯಕ್ರಮ, ಸಂಯಮ, ಸ್ವಾತಂತ್ರ್ಯ, ರಾಷ್ಟ್ರ ಮೊದಲಾದ ಸುಮಾರು 300 ಪದಗಳ ಪರೀಕ್ಷಾಪಟ್ಟಿ ಇಟ್ಟುಕೊಂಡಿದ್ದೇನೆ. ಪರಿವರ್ತಕದಲ್ಲಿ ಒಂದು ಸಾಲು ಬದಲಿಸಿದರೂ ಅಷ್ಟೂ ಪದಗಳು ಮತ್ತೆ ಪರೀಕ್ಷೆಗೆ ಒಳಗಾಗುತ್ತವೆ.

ಸಾವಿರಾರು ಪುಟಗಳನ್ನು ಕಣ್ಣಿನಿಂದ ಓದಿ ತಿದ್ದುವುದು ಆಗದ ಮಾತು. ಅದಕ್ಕೆ ಕನ್ನಡ ಲಿಪಿಯ ನಿಯಮಗಳೇ ನೆರವಾದವು. ಸ್ವರಚಿಹ್ನೆ ಪದದ ಮೊದಲಿಗೆ ಬರುವಂತಿಲ್ಲ. ಎರಡು ಸ್ವರಚಿಹ್ನೆಗಳು ಒಂದರ ಹಿಂದೊಂದು ಬರುವಂತಿಲ್ಲ. ವಿರಾಮದ ಬೆನ್ನಿಗೇ ಸ್ವರಚಿಹ್ನೆ ಬರುವಂತಿಲ್ಲ. ಇವನ್ನು ಹುಡುಕುವ ಸಣ್ಣ ಪ್ರೋಗ್ರಾಂ ಒಂದೇ ರಾತ್ರಿಯಲ್ಲಿ ಅನುಮಾನದ ಜಾಗಗಳನ್ನೆಲ್ಲ ಪಟ್ಟಿ ಮಾಡಿಕೊಟ್ಟಿತು. ಬ್ರೌಸರ್‌ನಲ್ಲಿ ಇಂಥ ಕಡೆ ಚುಕ್ಕೆಗಳ ವೃತ್ತವೊಂದು ಕಾಣಿಸಿಕೊಳ್ಳುತ್ತದೆ. ಅದನ್ನು ನೋಡಿದ ಕೂಡಲೇ ಇಲ್ಲಿ ಆಸರೆಯಿಲ್ಲದ ಗುಣಿತ ನಿಂತಿದೆ ಎಂದು ತಿಳಿಯಬೇಕು. ಇನ್ನೊಂದು ಉಪಾಯವೂ ಚೆನ್ನಾಗಿ ಫಲಿಸಿತು: ಇಡೀ ಸಂಗ್ರಹದಲ್ಲಿ ಒಂದೇ ಒಂದು ಸಲ ಬಂದಿರುವ ಪದಗಳನ್ನು ತೆಗೆದು ಓದುವುದು. ಅವುಗಳಲ್ಲಿ ಬಹುಪಾಲು ಕವಿಗಳು ಹೊಸದಾಗಿ ಕಟ್ಟಿದ ಸುಂದರ ಪದಗಳೇ. ಅವುಗಳ ನಡುವೆಯೇ ತಪ್ಪುಗಳೂ ಅಡಗಿದ್ದವು.

ಇಂಗ್ಲಿಷ್ ಪದಗಳು ಬೇರೊಂದು ಬಗೆಯಲ್ಲಿ ಕಾಡಿದವು. ನುಡಿಯ ಕಡತದಲ್ಲಿ ಎಲ್ಲವೂ ಲ್ಯಾಟಿನ್ ಚಿಹ್ನೆಗಳೇ ಆದ್ದರಿಂದ ಯಾವುದು ನಿಜವಾದ ಇಂಗ್ಲಿಷ್ ಎಂದು ತಿಳಿಯಲು ಯಾವ ಫಾಂಟ್ ಎಂದು ಪುಟದೊಳಗೇ ಬರೆದಿಡುವ ಫಾಂಟ್ ಟ್ಯಾಗ್ ಒಂದೇ ಗುರುತು. ಟ್ಯಾಗ್ ಕಳಚಿದ ಕಡೆ ವಿದೇಶಿ ಲೇಖಕರ ಹೆಸರುಗಳೆಲ್ಲ ಅರ್ಥವಿಲ್ಲದ ಕನ್ನಡವಾಗಿ ತಿರುಗಿದವು. ನುಡಿಯ ಪದಗಳಲ್ಲಿ ಸಾಮಾನ್ಯವಾಗಿ ಗೀಟಿನ ಎ ಇಲ್ಲವೇ ಅಂಥದ್ದೇ ಒಂದು ಚಿಹ್ನೆ ಇದ್ದೇ ಇರುತ್ತದೆ, ಇಂಗ್ಲಿಷ್ ಪದಗಳಲ್ಲಿ ಇರುವುದಿಲ್ಲ. ಈ ಒಂದು ವ್ಯತ್ಯಾಸವನ್ನು ಹಿಡಿದು ಬೇರ್ಪಡಿಸಿ, ಉಳಿದ ಅನುಮಾನಗಳನ್ನು ಕೈಯಿಂದಲೇ ಬಿಡಿಸಿದೆ.

ಪುಟದ ವಿನ್ಯಾಸಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ಒಂದು ವಿಷಯ ಮಾತ್ರ ಹೇಳಬೇಕು. ಇಂಗ್ಲಿಷಿಗಾಗಿ ಮಾಡಿದ ವಿನ್ಯಾಸಗಳಲ್ಲಿ ಸಾಲುಗಳ ನಡುವಿನ ಅಂತರ ಕಡಿಮೆ. ಕನ್ನಡಕ್ಕೆ ಅದನ್ನೇ ಬಿಟ್ಟರೆ ರಾಷ್ಟ್ರ ಎಂಬಂಥ ಪದದ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ, ಶೀರ್ಷಿಕೆಗಳಲ್ಲಿ ಅರ್ಧಕ್ಕೆ ಕತ್ತರಿಸಿಯೇ ಹೋಗುತ್ತವೆ. ನಾನು ಅಕ್ಷರದ ಗಾತ್ರದ 1.7 ಪಟ್ಟು ಅಂತರ ಇಡುತ್ತೇನೆ, ಅಕ್ಷರಗಳ ನಡುವೆ ಬಿಡಿಸುವ ಅಲಂಕಾರವನ್ನು ಕನ್ನಡಕ್ಕೆ ಎಂದೂ ಹಾಕುವುದಿಲ್ಲ. ಹುಡುಕಾಟದಲ್ಲೂ ಒಂದು ಸೂಕ್ಷ್ಮವಿದೆ. ಸಾಫ್ಟ್‌ವೇರ್ ಎಂದು ಬರೆಯುವಾಗ ಒತ್ತಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಹುಡುಕುವವರು ಅದಿಲ್ಲದೆ ಬೆರಳಚ್ಚಿಸಿದರೆ ಪದ ಸಿಗುವುದಿಲ್ಲ. ಆದ್ದರಿಂದ ಸೂಚಿಯಲ್ಲೂ ಹುಡುಕುವ ಪದದಲ್ಲೂ ಆ ಸಂಕೇತವನ್ನು ತೆಗೆದೇ ಹೋಲಿಸುವಂತೆ ಮಾಡಿದೆ.

ಹಳೆಯ ಪುಟಗಳ ವಿಳಾಸಗಳೆಲ್ಲ ಅಂಕಿಗಳಲ್ಲಿದ್ದವು. ಅವನ್ನು ಉಲ್ಲೇಖಿಸಿದ ಸಂಶೋಧನಾ ಪ್ರಬಂಧಗಳಿವೆ ಎಂದು ಸಂಪಾದಕರು ಹೇಳಿದಾಗ ಒಂದನ್ನೂ ಮುರಿಯಬಾರದೆಂದು ನಿಶ್ಚಯಿಸಿದೆ. ಪ್ರತಿ ಹಳೆಯ ವಿಳಾಸದಿಂದ ಹೊಸದಕ್ಕೆ 301 ಎಂಬ ಶಾಶ್ವತ ತಿರುವು ಕೊಟ್ಟೆ. ಸರ್ವರ್ ಬದಲಿಸುವ ಎರಡು ದಿನ ಮೊದಲು ಡಿಎನ್‌ಎಸ್ ನೆನಪಿನ ಅವಧಿಯನ್ನು, ಅಂದರೆ ಈ ಹೆಸರಿನ ತಾಣ ಯಾವ ಸರ್ವರ್‌ನಲ್ಲಿದೆ ಎಂಬುದನ್ನು ಜಾಲ ನೆನಪಿಟ್ಟುಕೊಳ್ಳುವ ಕಾಲವನ್ನು, 86,400 ಸೆಕೆಂಡುಗಳಿಂದ 300ಕ್ಕೆ ಇಳಿಸಿದ್ದೆ. ಮಂಗಳವಾರ ಬೆಳಿಗ್ಗೆ ಬದಲಿಸಿದೆ. ಏನಾದರೂ ಕೆಟ್ಟರೆ ಸರಿಪಡಿಸಲು ವಾರವಿಡೀ ಮುಂದಿರುತ್ತದೆ. ಮುಂದಿನ ಒಂದು ತಿಂಗಳು ಪ್ರತಿದಿನ ‘ಪುಟ ಸಿಗಲಿಲ್ಲ’ ಎನ್ನುವ 404 ದಾಖಲೆ ನೋಡಿ, ಬಿಟ್ಟುಹೋದ ವಿಳಾಸಗಳನ್ನು ಸೇರಿಸುತ್ತಾ ಹೋದೆ.

ಒಂದಷ್ಟು ಪುಟಗಳು ಮಾತ್ರ ಯಾವ ಪರಿವರ್ತಕಕ್ಕೂ ಬಗ್ಗಲಿಲ್ಲ. ಹಿಂದೆ ಯಾರೋ ಅವನ್ನು ಬರಿಯ ಇಂಗ್ಲಿಷ್ ಅಕ್ಷರಗಳಷ್ಟೇ ಗೊತ್ತಿರುವ ರೂಪದಲ್ಲಿ ಉಳಿಸಿದ್ದರು. ಗೀಟಿನ ಎ, ಪೌಂಡ್, ಜೋಡಿ ಎಸ್ ಎಲ್ಲವೂ ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದವು. ಕನ್ನಡ ಎಂಬುದು ಪಿ, ನಾಲ್ಕು ಪ್ರಶ್ನೆಗಳು, ಕ್ಯೂ, ಇನ್ನೊಂದು ಪ್ರಶ್ನೆ. ಅದರಿಂದ ಮೂಲವನ್ನು ಮತ್ತೆ ಕಟ್ಟಲಾಗದು. ಹಳೆಯ ಜಾಲಪುಟಗಳ ಪ್ರತಿಗಳನ್ನು ಕೂಡಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ಹುಡುಕಿದಾಗ ಕೆಲವು ಪುಟಗಳ ಕೆಡದ ಪ್ರತಿಗಳು ಸಿಕ್ಕವು. 31 ಪುಟಗಳು ಅಲ್ಲಿಯೂ ಇರಲಿಲ್ಲ.

ಒಪ್ಪಂದದ ಪ್ರಕಾರ ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು, ಹಣವೂ ಬಂದಿತ್ತು. ಆ 31ರ ಪಟ್ಟಿಯನ್ನು ಕಳಿಸಿ, ಇವು ಸಿಗಲಿಲ್ಲ ಎಂದು ಸಂಪಾದಕರಿಗೆ ಬರೆದೆ. ಮರುದಿನ ಅವರೇ ಫೋನ್ ಮಾಡಿದರು. ಅಚ್ಚಾದ ಸಂಚಿಕೆಗಳು ತಮ್ಮ ಕಪಾಟಿನಲ್ಲಿವೆ, ಕಣ್ಣು ಮಂಜಾಗಿರುವುದರಿಂದ ಬೆರಳಚ್ಚು ಮಾಡಲು ಆಗದು, ಆದರೆ ಓದಿ ಹೇಳಬಲ್ಲೆ ಎಂದರು. ಭಾನುವಾರ ಬೆಳಿಗ್ಗೆ ಒಂದು ಗಂಟೆ ಅವರು ಓದುತ್ತಾರೆ, ನಾನು ಬೆರಳಚ್ಚಿಸುತ್ತೇನೆ. ಕವಿತೆಯಾದರೆ ಸಾಲು ಎಲ್ಲಿ ಮುರಿಯುತ್ತದೆ ಎಂದು ನಿಲ್ಲಿಸಿ ಹೇಳುತ್ತಾರೆ. ಪಟ್ಟಿಯಲ್ಲಿ ಇನ್ನು 11 ಉಳಿದಿವೆ.