ಲೆಕ್ಕಕ್ಕುಂಟು, ಆಟಕ್ಕಿಲ್ಲ: ಡೆವ್‌ಆಪ್ಸ್ ಟೂಲ್‌ಗಳ ಬಳಕೆಯನ್ನು ನಾನು ಅಳೆದ ಬಗೆ

ಬೆಂಗಳೂರಿನ ಒಂದು ಕಂಪನಿಯ ಪ್ಲಾಟ್‌ಫಾರ್ಮ್ ತಂಡದಲ್ಲಿ ಕೆಲವು ವರ್ಷ ಕೆಲಸ ಮಾಡಿದೆ. ಬರೆದ ಕೋಡನ್ನು ಬಳಕೆದಾರರಿಗೆ ತಲುಪಿಸಿ ಓಡಿಸಲು ಬೇಕಾದ ಡೆವ್‌ಆಪ್ಸ್ ಟೂಲ್‌ಗಳನ್ನು ಉಳಿದ ತಂಡಗಳಿಗೆ ಹೊಂದಿಸಿಕೊಡುವುದು ನಮ್ಮ ಕೆಲಸ: ಕೋಡ್ ಇಟ್ಟು ಪರೀಕ್ಷಿಸಲು ಗಿಟ್‌ಲ್ಯಾಬ್, ಅದನ್ನು ಸರ್ವರ್‌ಗಳ ಗುಂಪಿನ (ಕ್ಲಸ್ಟರ್) ಮೇಲೆ ಓಡಿಸಲು ಕುಬರ್ನೆಟಿಸ್, ಕ್ಲೌಡ್ ಸರ್ವರ್‌ಗಳನ್ನು ಕೋಡ್ ಮೂಲಕವೇ ಹೊಂದಿಸಲು ಟೆರಾಫಾರ್ಮ್, ಗ್ರಾಫ್‌ಗಳಲ್ಲಿ ನಿಗಾ ಇಡಲು ಗ್ರಫಾನಾ. ಒಂದು ದಿನ ಮ್ಯಾನೇಜರ್ ಕೇಳಿದರು, "ಇಷ್ಟೆಲ್ಲ ಕೊಟ್ಟಿದ್ದೀವಿ, ಯಾವ ತಂಡ ಯಾವುದನ್ನ ಬಳಸ್ತಿದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲು ಒಂದು ಎಕ್ಸೆಲ್ ಶೀಟ್ ಮಾಡಿದೆ. ಅಡ್ಡಕ್ಕೆ ಟೂಲ್‌ಗಳು, ಉದ್ದಕ್ಕೆ ತಂಡಗಳು. 'ಹೌದು' ಅಥವಾ 'ಇಲ್ಲ' ಅಂತ ತುಂಬಿ ಕೊಡಿ ಎಂದು ಲೀಡ್‌ಗಳಿಗೆ ಮೇಲ್ ಹಾಕಿದೆ. ವಾರದೊಳಗೆ ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ 'ಹೌದು' ಬಂತು. ಅವರ್ಯಾರೂ ಸುಳ್ಳು ಹೇಳಿರಲಿಲ್ಲ. ಲಾಗಿನ್ ಇತ್ತು, ಕೋಡ್ ಇಡುವ ರೆಪೊದಲ್ಲಿ ಪೈಪ್‌ಲೈನ್ (ಕೋಡನ್ನು ತಾನಾಗಿ ಕಟ್ಟಿ, ಪರೀಕ್ಷಿಸಿ, ಏರಿಸುವ ಹಂತಗಳ ಸಾಲು) ಫೈಲೂ ಇತ್ತು. ಆದರೆ ಅದೇ ತಿಂಗಳು ಒಂದು ರಾತ್ರಿ ಪ್ರೊಡಕ್ಷನ್, ಅಂದರೆ ಬಳಕೆದಾರರು ಬಳಸುವ ನಿಜವಾದ ವ್ಯವಸ್ಥೆ, ಕೆಟ್ಟು ನಿಂತಿತು. ಹುಡುಕುತ್ತಾ ಹೋದರೆ, 'ಹೌದು' ಎಂದಿದ್ದ ತಂಡದವರೇ ಲ್ಯಾಪ್‌ಟಾಪ್‌ನಲ್ಲಿ ಇಮೇಜ್ (ಓಡಲು ಸಿದ್ಧವಾದ ಸಾಫ್ಟ್‌ವೇರ್ ಕಟ್ಟು) ಕಟ್ಟಿ ನೇರವಾಗಿ ಏರಿಸಿದ್ದರು. ಅವರ ಪೈಪ್‌ಲೈನ್ ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಅವತ್ತಿನಿಂದ ತಂಡಗಳನ್ನು ಕೇಳುವುದು ಬಿಟ್ಟು ಪ್ರೊಡಕ್ಷನ್ನನ್ನೇ ಕೇಳತೊಡಗಿದೆ: ಈಗ ಓಡುತ್ತಿರುವ ಈ ಕೋಡ್ ಯಾವ ದಾರಿಯಲ್ಲಿ ಇಲ್ಲಿಗೆ ಬಂತು?

ಇದಕ್ಕೆ ದೊಡ್ಡ ಸಾಮಾನು ಏನೂ ಬೇಕಾಗಲಿಲ್ಲ. ನಮ್ಮ ಪೈಪ್‌ಲೈನ್ ಕಟ್ಟುವ ಪ್ರತಿ ಕಂಟೇನರ್ ಇಮೇಜ್‌ಗೂ ಕಮಿಟ್‌ನ (ಕೋಡಿನಲ್ಲಿ ದಾಖಲಾದ ಒಂದು ಬದಲಾವಣೆ) ಗುರುತೇ ಟ್ಯಾಗ್, ಅಂದರೆ ಹೆಸರುಚೀಟಿ. ರಾತ್ರಿ ಒಂದು ಪೈಥಾನ್ ಸ್ಕ್ರಿಪ್ಟ್ ಕ್ಲಸ್ಟರ್‌ಗೆ ಹೋಗಿ, ಓಡುತ್ತಿರುವ ಪಾಡ್‌ಗಳ (ಕುಬರ್ನೆಟಿಸ್ ಓಡಿಸುವ ಘಟಕಗಳು) ಇಮೇಜ್ ಪಟ್ಟಿ ತರುತ್ತಿತ್ತು. ಆಮೇಲೆ ಗಿಟ್‌ಲ್ಯಾಬ್ ಎಪಿಐ ಮೂಲಕ, ಈ ಕಮಿಟ್‌ಗೆ ಪಾಸಾದ ಪೈಪ್‌ಲೈನ್ ಇದೆಯಾ ಎಂದು ನೋಡುತ್ತಿತ್ತು. ಟ್ಯಾಗನ್ನು ಯಾರು ಬೇಕಾದರೂ ಬರೆಯಬಹುದು ಅಲ್ವಾ? ಹಾಗಾಗಿ ಪೈಪ್‌ಲೈನ್ ಬರೆದಿಟ್ಟ ಡೈಜೆಸ್ಟನ್ನೂ (ಇಮೇಜ್‌ನ ಒಳಗಿರುವುದರಿಂದಲೇ ಲೆಕ್ಕಹಾಕಿದ ಬೆರಳಚ್ಚಿನಂಥ ಗುರುತು) ಪಾಡ್‌ನಲ್ಲಿರುವ ಡೈಜೆಸ್ಟನ್ನೂ ಹೋಲಿಸಿದೆ. ಇಮೇಜ್‌ನಲ್ಲಿ ಒಂದಕ್ಷರ ಬದಲಾದರೂ ಡೈಜೆಸ್ಟ್ ಬೇರೆಯಾಗುತ್ತದೆ. ಕಮಿಟ್ ಗುರುತಿನ ಬದಲು 'ಲೇಟೆಸ್ಟ್' ಅಂತ ಟ್ಯಾಗ್ ಇದ್ದವನ್ನು ಮೊದಲು 'ಗೊತ್ತಿಲ್ಲ' ಎಂದು ಬರೆದುಕೊಳ್ಳುತ್ತಿದ್ದೆ. ಎಲ್ಲಿಂದ ಬಂತು ಅಂತ ಹೇಳಲಾಗದ್ದು 'ಇಲ್ಲ' ಎಂದೇ ಲೆಕ್ಕ ಎಂದು ಆಮೇಲೆ ತೀರ್ಮಾನಿಸಿದೆ.

ಟೆರಾಫಾರ್ಮ್‌ಗೆ ಇನ್ನೂ ಸುಲಭದ ದಾರಿ ಇತ್ತು. ಕೋಡಿನಲ್ಲಿ ಬರೆದದ್ದನ್ನು ನಿಜವಾಗಿ ಇರುವುದರ ಜೊತೆ ಹೋಲಿಸುವ ಅದರ ಪ್ಲಾನ್ ಕಮಾಂಡ್‌ಗೆ, ಫಲಿತಾಂಶವನ್ನು ಒಂದು ಸಂಖ್ಯೆಯಲ್ಲಿ ಹೇಳುವ 'ಡೀಟೇಲ್ಡ್ ಎಕ್ಸಿಟ್‌ಕೋಡ್' ಎಂಬ ಆಯ್ಕೆ ಇದೆ. ಬದಲಾವಣೆ ಇಲ್ಲದಿದ್ದರೆ 0, ದೋಷ ಬಂದರೆ 1, ಕೋಡಿಗೂ ನಿಜಕ್ಕೂ ವ್ಯತ್ಯಾಸ ಇದ್ದರೆ 2. ಮುಖ್ಯ ಬ್ರಾಂಚ್ ಮೇಲೆ ಪ್ರತಿ ರಾತ್ರಿ ಇದನ್ನು ಓಡಿಸಿದೆ. ದಿನದಿನವೂ 2 ಬರುತ್ತಿದ್ದರೆ ಹೆಚ್ಚಿನ ಸಲ ಕಾರಣ ಒಂದೇ, ಯಾರೋ ಕ್ಲೌಡ್ ಕನ್ಸೋಲ್‌ಗೆ ಹೋಗಿ ಕೈಯಲ್ಲೇ ಬದಲಿಸುತ್ತಿದ್ದಾರೆ.

ಗ್ರಫಾನಾ ಮಾತ್ರ ಸ್ಕ್ರಿಪ್ಟ್‌ಗೆ ಸಿಗಲಿಲ್ಲ. ಗೋಡೆಯ ಟೀವಿಯಲ್ಲಿ ಇಡೀ ದಿನ ತೆರೆದಿರುವ ಡ್ಯಾಶ್‌ಬೋರ್ಡನ್ನು ಯಾರಾದರೂ ನೋಡುತ್ತಿದ್ದಾರಾ ಇಲ್ಲವಾ ಎಂದು ಲಾಗ್ ಹೇಳುವುದಿಲ್ಲ. ಹಾಗಾಗಿ ತೊಂದರೆಯಾದ ದಿನಗಳ ಚಾಟ್ ತೆಗೆದು ಓದಿದೆ. ಮೊದಲ ಹತ್ತು ನಿಮಿಷದಲ್ಲಿ ಯಾರಾದರೂ ಗ್ರಾಫಿನ ಲಿಂಕ್ ಹಾಕಿದ್ದಾರಾ, ಅಥವಾ ಸರ್ವರ್‌ಗೆ ಲಾಗಿನ್ ಆಗಿ ಲಾಗ್ ಹುಡುಕುತ್ತಿದ್ದಾರಾ? ತುಂಬ ಹೊತ್ತು ಹಿಡಿಯುವ ಕೆಲಸ ಇದು. ಆದರೂ ಒಂದು ಟೂಲ್ ಒಂದು ತಂಡದ ಕೈಗೆ ಹತ್ತಿದೆಯಾ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಇವತ್ತಿಗೂ ಸಿಕ್ಕಿಲ್ಲ.

ಹಸಿರು, ಅಂದರೆ 'ಬಳಸುತ್ತಿದ್ದಾರೆ' ಎಂದು, ತೋರಿಸುತ್ತಿದ್ದ ತಂಡಗಳಲ್ಲೂ ಒಂದು ವಿಷಯ ಕಣ್ಣಿಗೆ ಬಿತ್ತು. ಟೆಸ್ಟ್ ಜಾಬ್‌ಗೆ 'ಅಲೌ ಫೇಲ್ಯೂರ್' ಹಾಕಿದ್ದರು. ಟೆಸ್ಟ್ ಬಿದ್ದರೂ ಪೈಪ್‌ಲೈನ್ ಪಾಸ್. ಅಂಥವನ್ನೂ ಬೇರೆಯಾಗಿ ಎಣಿಸತೊಡಗಿದೆ.

ಇಲ್ಲಿ ನನ್ನಿಂದ ಒಂದು ದೊಡ್ಡ ತಪ್ಪಾಯಿತು. ತಿಂಗಳ ಮೀಟಿಂಗ್‌ನಲ್ಲಿ ತಂಡಗಳನ್ನು ಮೇಲಿಂದ ಕೆಳಕ್ಕೆ ಸಾಲಾಗಿ ತೋರಿಸಿದೆ. ಮುಂದಿನ ತಿಂಗಳು ಅಂಕಿಗಳು ಏರಿದವು. ಒಳಗೆ ನೋಡಿದರೆ ಟೆಸ್ಟ್ ಹಂತದಲ್ಲಿ, ಏನನ್ನೂ ಪರೀಕ್ಷಿಸದೆ ಒಂದು ಮಾತನ್ನು ತೆರೆಯ ಮೇಲೆ ತೋರಿಸುವ ಬರೀ ಒಂದು 'ಎಕೋ' ಸಾಲು ಇದ್ದ ಪೈಪ್‌ಲೈನ್‌ಗಳು. ಜನರನ್ನು ಆ ಕಡೆ ತಳ್ಳಿದ್ದು ನಾನೇ. ಆ ಸ್ಲೈಡ್ ತೆಗೆದುಹಾಕಿದೆ. ಪ್ರತಿ ತಂಡ ತನ್ನ ಅಂಕಿಯನ್ನು ಮಾತ್ರ ನೋಡುವಂತೆ ಮಾಡಿದೆ. ಶೀಟಿಗೆ ಹೊಸದಾಗಿ ಒಂದು ಕಾಲಂ ಸೇರಿಸಿದೆ: 'ಯಾಕಿಲ್ಲ?'

ಆ ಕಾಲಂ ತುಂಬಲು ಮೇಲ್ ಸಾಲುವುದಿಲ್ಲ, ಪಕ್ಕದಲ್ಲಿ ಕೂರಬೇಕು. ತಿಂಗಳುಗಟ್ಟಲೆ ಕೆಂಪಲ್ಲೇ ಇದ್ದ ಒಂದು ತಂಡದ ಜೊತೆ ಎರಡು ದಿನ ಕೂತೆ. ಹಟಮಾರಿಗಳು ಅಂದುಕೊಂಡಿದ್ದೆ. ಅವರ ಬಿಲ್ಡ್ (ಕೋಡ್ ಕಟ್ಟುವ ಕೆಲಸ) ಪೈಪ್‌ಲೈನ್ ಓಡಿಸುವ ನಮ್ಮ ಯಂತ್ರದಲ್ಲಿ, ಅಂದರೆ ರನ್ನರ್‌ನಲ್ಲಿ, ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಿತ್ತು. ಲ್ಯಾಪ್‌ಟಾಪ್‌ನಲ್ಲಿ ಐದೇ ನಿಮಿಷ. ನಾವು ಕೊಟ್ಟ ಟೆಂಪ್ಲೇಟ್‌ನಲ್ಲಿ, ಒಮ್ಮೆ ಇಳಿಸಿದ್ದನ್ನು ಮುಂದಿನ ಸಲಕ್ಕೆ ಉಳಿಸಿಡುವ ಕ್ಯಾಶ್ ಇರಲಿಲ್ಲ. ಪ್ರತಿ ಸಲವೂ ಎಲ್ಲ ಲೈಬ್ರರಿಗಳನ್ನು ಮೊದಲಿಂದ ಇಳಿಸುತ್ತಿತ್ತು. ಸಾಲದ್ದಕ್ಕೆ ರನ್ನರ್ ಖಾಲಿಯಾಗಲು ಕ್ಯೂ ಬೇರೆ. ಮೂರು ದಿನದಲ್ಲಿ ಕ್ಯಾಶ್ ಸೇರಿಸಿ, ಅವರಿಗೇ ಒಂದು ರನ್ನರ್ ಕೊಟ್ಟೆವು. ನಾನು ಮತ್ತೆ ಹೇಳುವ ಮುಂಚೆಯೇ ಅವರು ಪೈಪ್‌ಲೈನ್‌ಗೆ ಬಂದರು.

'ಯಾಕಿಲ್ಲ?' ಕಾಲಂನಲ್ಲಿ ಹೀಗೆ ಸೇರಿದ ಕಾರಣಗಳಲ್ಲಿ ಜಾಸ್ತಿಯವು ನಮ್ಮ ಕಡೆಯವೇ. ಪರ್ಮಿಷನ್ ಬರಲು ವಾರ, ಹಳೆಯದಾದ ದಾಖಲೆ, ಅವರ ಜಾವಾ ಆವೃತ್ತಿಗೆ ಟೆಂಪ್ಲೇಟೇ ಇಲ್ಲ. ನಮ್ಮ ತಂಡದ ಮುಂದಿನ ಆರು ತಿಂಗಳ ಕೆಲಸದ ಪಟ್ಟಿ ಅಲ್ಲಿಂದಲೇ ಹುಟ್ಟಿತು.

ಬಳಕೆ ಹೆಚ್ಚಿದ್ದರಿಂದ ಏನು ಒಳ್ಳೆಯದಾಯಿತು ಅಂತಲೂ ನೋಡಬೇಕಿತ್ತು. ಸಾಫ್ಟ್‌ವೇರ್ ತಂಡಗಳ ಕೆಲಸವನ್ನು ಅಧ್ಯಯನ ಮಾಡುವ, 2018ರಲ್ಲಿ ಗೂಗಲ್ ಸೇರಿದ ಡೋರಾ ಸಂಶೋಧನಾ ತಂಡದ ಅಳತೆಗಳಲ್ಲಿ ಎರಡನ್ನು ಮಾತ್ರ ತೆಗೆದುಕೊಂಡೆ. ಕಮಿಟ್ ಆದ ಕೋಡ್ ಪ್ರೊಡಕ್ಷನ್ ಮುಟ್ಟಲು ಹಿಡಿಯುವ ಹೊತ್ತು, ಮತ್ತು ಏರಿಸಿದ ಬದಲಾವಣೆಗಳಲ್ಲಿ ಎಷ್ಟು ಪಾಲು ಕೆಟ್ಟವು ಎಂಬುದು. ತಂಡವನ್ನು ಅದರ ಹಿಂದಿನ ತಿಂಗಳ ಜೊತೆಗೆ ಮಾತ್ರ ಹೋಲಿಸಿದೆ, ಪಕ್ಕದ ತಂಡದ ಜೊತೆಗಲ್ಲ.

ನಾನು ಆ ಕೆಲಸ ಬಿಡುವವರೆಗೂ ಒಂದು ತಂಡ ಕೆಂಪಲ್ಲೇ ಇತ್ತು. ಅವರದು ಗ್ರಾಹಕರ ಯಂತ್ರದ ಮೇಲೇ ಹೋಗಿ ಕೂರುವ ಸಾಫ್ಟ್‌ವೇರ್. ಕ್ಲಸ್ಟರೂ ಇಲ್ಲ, ಪಾಡೂ ಇಲ್ಲ. ಅವರಿಗೆ ಬೇಕಾಗಿದ್ದದ್ದು, ಕಳಿಸಿದ ಇನ್‌ಸ್ಟಾಲರ್ ನಾವೇ ಕಟ್ಟಿದ್ದು ಎಂದು ಖಚಿತಪಡಿಸುವ ಒಂದು ಡಿಜಿಟಲ್ ಸಹಿ. ಅದನ್ನು ಮಾಡಿಕೊಟ್ಟೆ. ಕೊನೆಯ ವಾರ ಶೀಟಿನಲ್ಲಿ ಅವರ ಸಾಲಿನ ಕುಬರ್ನೆಟಿಸ್ ಮನೆಯನ್ನು ಅಳಿಸಿ, ಅಲ್ಲಿ 'ಸಹಿ ಹಾಕಿದ ಇನ್‌ಸ್ಟಾಲರ್' ಎಂದು ಬರೆದೆ.